ಗೋಡೆಯಾಚೆಯ ಕೆಮ್ಮು

ಪುಸ್ತಕಕ್ಕೆ ರಟ್ಟು ಕಟ್ಟುವ ಆ ಕಾರ್ಖಾನೆಯಲ್ಲಿ ಮೂಲೆಯ ಜಾಗದಲ್ಲಿ ಕೂರಲು ಯಾರಿಗೂ ಮನಸ್ಸಿರಲಿಲ್ಲ. ಗಾಳಿಗೆ ಹಾಳೆ ಹಾರುತ್ತದೆಂದು ಯಜಮಾನರು ಕಿಟಕಿಗಳನ್ನು ಸದಾ ಮುಚ್ಚಿಸುತ್ತಿದ್ದರು. ಆ ಮೂಲೆಗೆ ಇದ್ದದ್ದು ಒಂದೇ ಗವಾಕ್ಷಿ. ಅದೂ ಹೊರಗಿನ ಬೆಳಕಿಗಲ್ಲ, ಹಿಂದಿನ ಉಗ್ರಾಣಕ್ಕೆ ತೆರೆದದ್ದು. ಉಗ್ರಾಣಕ್ಕೆ ಎರಡು ವರ್ಷದಿಂದ ಬೀಗ.

ಮೊದಲು ಅಲ್ಲಿ ಕೂರುತ್ತಿದ್ದವರು ರಟ್ಟಿಗೆ ಅಂಟು ಹಚ್ಚುವ ಅಂಟಿನಜ್ಜ. ಕೆಮ್ಮಿ ಕೆಮ್ಮಿ, ಕೊನೆಗೆ ರಕ್ತ ಕಾರಿ ತೀರಿಕೊಂಡರು. ಆಮೇಲೆ ಕುಳ್ಳಣ್ಣ ಕೂತ. ವರ್ಷ ತುಂಬುವುದರೊಳಗೆ ಅವನಿಗೂ ಅದೇ ಗತಿಯಾಯಿತು. ಮೂರನೆಯವಳು ಹೊಲಿಗೆಯಕ್ಕ. ಹಾಳೆಯ ಕಟ್ಟುಗಳನ್ನು ಸೂಜಿದಾರದಲ್ಲಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ.

ಮಧ್ಯಾಹ್ನ ಊಟದ ಹೊತ್ತಿಗೆ ಕತ್ತರಿಸುವ ಯಂತ್ರ ನಿಲ್ಲುತ್ತಿತ್ತು. ಆಗ ಬೀಗ ಹಾಕಿದ ಉಗ್ರಾಣದಿಂದ ಕೆಮ್ಮು ಕೇಳಿಸುತ್ತಿತ್ತು. ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದಂಥ ಸದ್ದು.

"ಅಜ್ಜ ಇನ್ನೂ ಕೆಲಸ ಬಿಟ್ಟಿಲ್ಲ" ಎಂದಳು ಒಂದು ದಿನ ಹಾಳೆ ಮಡಿಸುವವಳು. ಎಲ್ಲರೂ ನಕ್ಕರು. ಮರುದಿನ ಮತ್ತೆ ಕೇಳಿಸಿದಾಗ ಯಾರೂ ನಗಲಿಲ್ಲ.

"ಇಲಿ ಇರಬೇಕು. ಹಳೇ ಕಟ್ಟಡ. ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಯಜಮಾನರು ಮುಖ ತಿರುಗಿಸಿದರು.

ಹೊಲಿಗೆಯಕ್ಕನಿಗೂ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ಮಲಗಿದರೆ ಬೆವರಿ ತಲೆದಿಂಬು ಒದ್ದೆಯಾಗುವುದು. ರವಿಕೆ ಸಡಿಲವಾಯಿತು. ಒಂದು ಬೆಳಿಗ್ಗೆ ಕೆಮ್ಮಿದಾಗ ಮುಂದಿದ್ದ ಬಿಳಿ ಹಾಳೆಯ ಮೇಲೆ ಕೆಂಪು ಚುಕ್ಕೆ ಬಿತ್ತು. ಮುದ್ರಣದ ಶಾಯಿ ಇರಬೇಕೆಂದು ಬೆರಳಿನಿಂದ ಒರೆಸಿದಳು. ಬೆಚ್ಚಗಿತ್ತು. ಸುತ್ತ ನೋಡಿದಳು. ಆ ಹಾಳೆಯನ್ನು ಮಗುಚಿ ಕಟ್ಟಿನೊಳಗೆ ಸೇರಿಸಿ ಹೊಲಿದುಬಿಟ್ಟಳು.

ಎರಡನೇ ಸಲ ರಕ್ತ ಬಂದದ್ದು ಮನೆಯಲ್ಲಿ, ಅತ್ತೆಯ ಕಣ್ಣೆದುರಿಗೆ. ಅತ್ತೆಯೂ ಮೊದಲು ಅದೇ ಕಾರ್ಖಾನೆಯಲ್ಲಿದ್ದವರು.

"ಆ ಜಾಗಾನೇ ಸರಿ ಇಲ್ಲ ಕಣೇ. ಅಜ್ಜ ಜೊತೆಗೆ ಕರೀತಿದಾನೆ. ನಾಳೆಯಿಂದ ಅಲ್ಲಿ ಕೂರಬೇಡ, ತಾನಾಗೇ ಸರಿಹೋಗುತ್ತೆ. ಯಾರ ಹತ್ರಾನೂ ಬಾಯಿ ಬಿಡಬೇಡ."

ಆದರೆ ಕೆಮ್ಮು ಗುಟ್ಟು ಕಾಯುವುದಿಲ್ಲ. ಪಕ್ಕದ ಮನೆಯಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಇದ್ದರು. ಕೇಳಿಸಿಕೊಂಡು ಬಂದೇಬಿಟ್ಟರು.

"ಎಷ್ಟು ದಿನ ಆಯ್ತು?"

"ತಿಂಗಳು ದಾಟ್ತು."

"ರಕ್ತ ಏನಾದರೂ?"

ಹೊಲಿಗೆಯಕ್ಕ ಅತ್ತೆಯ ಮುಖ ನೋಡಿದಳು. "ಎರಡು ಸಲ."

"ಗಂಟಲು ಒಡೆದಿರುತ್ತೆ, ಅಷ್ಟೆ" ಎಂದರು ಅತ್ತೆ.

"ಇರಬಹುದಮ್ಮ. ಜೋರಾಗಿ ಕೆಮ್ಮಿದರೂ ಒಂದು ಎಳೆ ರಕ್ತ ಬರಬಹುದು. ಮೂಗಿಂದಲೋ ವಸಡಿಂದಲೋ ಇಳಿದಿರಬಹುದು. ಶ್ವಾಸಕೋಶದ ಸೋಂಕಿರಬಹುದು, ಕ್ಷಯ ಇರಬಹುದು. ಕ್ಯಾನ್ಸರ್ ಇರಬಹುದು, ಬೀಡಿ ಸಿಗರೇಟು ಸೇದೋರಿಗೆ ಅದರ ಭಯ ಜಾಸ್ತಿ. ಹೃದಯದ ತೊಂದರೆಯಿಂದ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದರೂ ಬರುತ್ತೆ. ಇಲ್ಲಿ ಕೂತು ಊಹೆ ಮಾಡೋದು ಯಾಕೆ? ಕಫ ಪರೀಕ್ಷೆ, ಎದೆ ಎಕ್ಸ್-ರೇ ಮಾಡಿಸಿದರೆ ಗೊತ್ತಾಗುತ್ತೆ."

"ಮೂರು ಜನಕ್ಕೂ ಅದೇ ಜಾಗದಲ್ಲಿ ಬಂತಲ್ಲ, ಇಬ್ಬರು ಸತ್ತೂ ಹೋದ್ರು, ಸತ್ತ ಅಜ್ಜನ ಕೆಮ್ಮು ಈಗಲೂ ಗೋಡೆಯಾಚೆ ಕೇಳಿಸುತ್ತಂತೆ, ಅದಕ್ಕೇನು ಹೇಳ್ತೀಯಾ?" ಎಂದರು ಅತ್ತೆ.

ನರ್ಸಮ್ಮ ಅತ್ತೆಯ ಕಡೆ ತಿರುಗಿದರು. "ಅದು ಕೇಳಿ ನನಗೂ ಭಯವಾಗ್ತಿದೆ. ಸತ್ತೋರು ಕೆಮ್ಮಲ್ಲ ಅಮ್ಮ. ಕ್ಷಯ ಇರೋರು ಕೆಮ್ಮಿದಾಗ ರೋಗಾಣು ಗಾಳಿಗೆ ಸೇರುತ್ತೆ. ಮುಚ್ಚಿದ ಕೋಣೆಯಲ್ಲಿ ಅದೇ ಗಾಳೀನ ಎಲ್ಲರೂ ಉಸಿರಾಡ್ತಾರೆ."

ಮರುದಿನ ಪರೀಕ್ಷೆಯಾಯಿತು. ಫಲಿತಾಂಶ ಬಂತು: ಕ್ಷಯ. ಅಂದಿನಿಂದಲೇ ಮಾತ್ರೆ ಶುರುವಾಯಿತು. ಅವಳ ಜೊತೆ ಕೆಲಸ ಮಾಡುವವರನ್ನೆಲ್ಲ ಪರೀಕ್ಷಿಸಲು ನರ್ಸಮ್ಮ ಮುಖಗವಸು ಹಾಕಿಕೊಂಡು ಕಾರ್ಖಾನೆಗೆ ಹೋದರು.

ಊಟದ ಹೊತ್ತು. ಯಂತ್ರ ನಿಂತಿತು. ಗೋಡೆಯಾಚೆ ಕೆಮ್ಮು ಶುರುವಾಯಿತು. ಕೆಲಸದವರು ತಟ್ಟೆಯಲ್ಲಿ ಕೈಯಿಟ್ಟಂತೆಯೇ ಕೂತರು.

"ಅಲ್ಲಿ ಯಾರಿದ್ದಾರೆ?" ನರ್ಸಮ್ಮ ಕೇಳಿದರು.

"ಯಾರೂ ಇಲ್ಲ" ಎಂದರು ಯಜಮಾನರು. ಉಗ್ರಾಣದ ಬಾಗಿಲಿಗೆ ಅಡ್ಡ ಬಂದು ನಿಂತರು.

ಅಷ್ಟರಲ್ಲಿ ಸದ್ದು ಬದಲಾಯಿತು. ಗಂಟಲಲ್ಲಿ ನೀರು ತುಂಬಿದಂತೆ ಗೊರಗೊರ ಎಂದಿತು. ಮತ್ತೆ ಪೂರ್ತಿ ಮೌನ. 

"ಬೀಗ ತೆಗೀರಿ ಸರ್. ಈಗಲೇ."

ಯಜಮಾನರು ಜೇಬಿನಿಂದ ಬೀಗದ ಕೈ ತೆಗೆದರು. ಬಾಗಿಲು ತೆರೆಯಿತು. ಕಾಗದದ ಬಂಡಲುಗಳ ನಡುವೆ ಒಂದು ಮಂಚ. ಮಂಚದ ಮೇಲೆ ಮೂಳೆ ಚರ್ಮವಾಗಿದ್ದ ಮನುಷ್ಯ. ಬಾಯಿಗೆ ಹಿಡಿದ ಟವೆಲು ಪೂರ್ತಿ ಕೆಂಪಾಗಿತ್ತು. ಅಷ್ಟು ಜನರನ್ನು ಒಮ್ಮೆಲೇ ಕಂಡು ಆತ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳಲು ನೋಡಿದ.

"ನನ್ನ ಅಣ್ಣ" ಎಂದರು ಯಜಮಾನರು. 

ನರ್ಸಮ್ಮ ಒಳಗೆ ನುಗ್ಗಿದರು. "ಅಂಗಾತ ಮಲಗಿಸಬೇಡಿ, ರಕ್ತ ಉಸಿರಿನ ದಾರಿಗೆ ಇಳಿಯುತ್ತೆ. ಮುಂದಕ್ಕೆ ಬಾಗಿಸಿ ಕೂರಿಸಿ. ಅಣ್ಣಾ, ನುಂಗಬೇಡಿ, ಉಗುಳಿ. ನೀರು ಕುಡಿಸಬೇಡಿ ಯಾರೂ. ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಕಿಟಕಿ ಎಲ್ಲ ತೆರೀರಿ, ಹಾಳೆ ಹಾರಿದರೆ ಹಾರಲಿ. ಉಳಿದೋರು ಹೊರಗೆ ನಡೀರಿ."

ಆಂಬ್ಯುಲೆನ್ಸ್ ಬರುವ ತನಕ ಯಜಮಾನರು ಹೊಸ್ತಿಲಲ್ಲಿ ಕುಸಿದು ಕೂತಿದ್ದರು. "ಮಗಳಿಗೆ ಸಂಬಂಧ ನೋಡ್ತಿದ್ವಿ. ಮನೇಲಿ ಇಂಥ ಕಾಯಿಲೆ ಅಂದರೆ ಯಾರು ಬರ್ತಾರೆ? ಅಣ್ಣ ದೂರದೂರಿಗೆ ಹೋದ ಅಂತ ಎಲ್ಲರಿಗೂ ಹೇಳಿದೆ. ಕತ್ತಲಾದ ಮೇಲೆ ಊಟ ತಂದುಕೊಡ್ತಿದ್ದೆ. ಔಷಧಿ ಕೊಡಿಸಲಿಲ್ಲ ಅನ್ನಬೇಡಿ. ಎರಡು ತಿಂಗಳು ಮಾತ್ರೆ ತಗೊಂಡ. ಕೆಮ್ಮು ನಿಂತಿತು, ಸಾಕು ಅಂತ ಬಿಟ್ಟ."

"ಅಲ್ಲೇ ಎಡವಿದ್ದು ಸರ್. ಕೆಮ್ಮು ನಿಂತರೂ ರೋಗ ಹೋಗಿರಲ್ಲ. ಮಧ್ಯದಲ್ಲಿ ಮಾತ್ರೆ ಬಿಟ್ಟರೆ ಅದೇ ಔಷಧಿ ಆಮೇಲೆ ನಾಟದೇ ಹೋಗಬಹುದು."

"ಹಾಗಾದರೆ ಅಜ್ಜನಿಗೆ, ಕುಳ್ಳಣ್ಣನಿಗೆ…"

"ಈ ಗವಾಕ್ಷಿಯಿಂದ ಉಗ್ರಾಣದ ಗಾಳಿ ಆ ಮೂಲೆಗೆ ಬರ್ತಿತ್ತು. ಯಾರಿಂದ ಯಾರಿಗೆ ಬಂತೋ, ಈಗ ಹೇಳೋಕಾಗಲ್ಲ. ಆದರೆ ಬೇಗ ಪರೀಕ್ಷೆ ಮಾಡಿಸಿದ್ದರೆ ಅವರಿಬ್ಬರೂ ಉಳೀಬಹುದಿತ್ತು."



ದೊಡ್ಡಾಸ್ಪತ್ರೆಯಲ್ಲಿ ವೈದ್ಯರು ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಶ್ವಾಸಕೋಶದಲ್ಲಿ ಸೋರುತ್ತಿದ್ದ ನಾಳವನ್ನು ಮುಚ್ಚಿದರು. ಅಣ್ಣನ ಜೀವ ಉಳಿಯಿತು. ಯಾವ ಔಷಧಿ ನಾಟುತ್ತದೆಂದು ಪರೀಕ್ಷಿಸಿ ಬೇರೆ ಮಾತ್ರೆಗಳನ್ನು ಕೊಟ್ಟರು. ಕಾರ್ಖಾನೆಯಲ್ಲಿ ಹಾಳೆ ಮಡಿಸುವವಳಿಗೂ ಕ್ಷಯ ಇರುವುದು ತಿಳಿಯಿತು. ಅವಳಿಗೆ ರಕ್ತ ಬರುವ ಮೊದಲೇ ಚಿಕಿತ್ಸೆ ಶುರುವಾಯಿತು.

ಹೊಲಿಗೆಯಕ್ಕನ ಅತ್ತೆಗೆ ಮಾತ್ರ ಇನ್ನೂ ಅನುಮಾನ. ಒಂದು ಬೆಳಿಗ್ಗೆ ಓಡಿಬಂದು ನರ್ಸಮ್ಮನ ಬಾಗಿಲು ಬಡಿದರು. "ಈಗ ಮೂತ್ರದಲ್ಲೂ ಕೆಂಪು ಬರ್ತಿದೆಯಂತೆ. ಮಾತ್ರೆಯಿಂದಲೇ ಹಾಳಾಗ್ತಿದಾಳೆ ಹುಡುಗಿ."

"ಅದು ಮಾತ್ರೆಯ ಬಣ್ಣ ಅಮ್ಮ, ರಕ್ತ ಅಲ್ಲ. ಕಿತ್ತಳೆ ಬಣ್ಣ ಬಂದರೆ ಮಾತ್ರೆ ಒಳಗೆ ಹೋಗಿದೆ ಅಂತ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ನನ್ನ ಹತ್ರ ಕರ್ಕೊಂಡು ಬನ್ನಿ."

ಅತ್ತೆ ಸುಧಾರಿಸಿಕೊಂಡರು. "ಹಾಗಾದರೆ ಮಾತ್ರೆ ನುಂಗಿದಾಳೋ ಇಲ್ವೋ ಅಂತ ನನಗೂ ಗೊತ್ತಾಗುತ್ತೆ ಅನ್ನು" ಎಂದರು. ಆ ವಾರವೇ ಅವರೂ ಮಗನೂ ಪರೀಕ್ಷೆ ಮಾಡಿಸಿಕೊಂಡರು. ಇಬ್ಬರಿಗೂ ರೋಗವಿರಲಿಲ್ಲ. ಮುಂದೆ ಆರು ತಿಂಗಳು ಸೊಸೆಯ ಮಾತ್ರೆ ಒಂದು ದಿನವೂ ತಪ್ಪಲು ಅತ್ತೆ ಬಿಡಲಿಲ್ಲ. ಸೊಸೆಯ ಮೈ ತುಂಬಿತು, ಕೆಮ್ಮು ಹೋಯಿತು.

ಯಜಮಾನರ ಮಗಳಿಗೆ ವಿಷಯ ತಿಳಿದದ್ದು ಬೇರೆಯವರ ಬಾಯಿಂದ. ರೋಗ ಹರಡುವ ಭಯವಿಲ್ಲವೆಂದು ವೈದ್ಯರು ಹೇಳಿದ ದಿನವೇ ಆಸ್ಪತ್ರೆಗೆ ಹೋಗಿ ದೊಡ್ಡಪ್ಪನ ಮಂಚದ ಬದಿಯಲ್ಲಿ ಕೂತಳು.

"ಎರಡು ವರ್ಷ ನಿಮಗೆ ಕಾಗದ ಬರೆದೆ ದೊಡ್ಡಪ್ಪ. ಅಪ್ಪ ಅಂಚೆಗೆ ಹಾಕ್ತೀನಿ ಅಂತ ಇಸ್ಕೊಳ್ತಿದ್ರು."

ಆತ ಅವಳ ಕೈ ಹಿಡಿದುಕೊಂಡ. "ಎಲ್ಲ ತಲುಪಿದೆ ಮಗಳೇ. ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಉತ್ತರ ಬರೆದರೆ ಎಲ್ಲಿದ್ದೀನಿ ಅಂತ ಗೊತ್ತಾಗಿಬಿಡುತ್ತೆ ಅಂತ ಸುಮ್ಮನಿದ್ದೆ."

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುತ್ತಿರಬಹುದು. ಕೇಳಿಸಿಯೂ ಕೇಳದಂತೆ ಇರಬೇಡಿ. ಕಫದಲ್ಲಿ ಒಂದು ಚುಕ್ಕೆ ರಕ್ತ ಕಂಡರೂ, ಕೆಮ್ಮು ಎರಡು ವಾರ ದಾಟಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ಹೆಚ್ಚು ಬಂದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ ಒಂದು ಗಳಿಗೆಯೂ ಕಾಯಬೇಡಿ. ಶುರು ಮಾಡಿದ ಮಾತ್ರೆಯನ್ನು ವೈದ್ಯರು ಸಾಕು ಎನ್ನುವ ತನಕ ಬಿಡಬೇಡಿ. ಕಾಯಿಲೆ ಬಂದವರು ತಪ್ಪು ಮಾಡಿದವರಲ್ಲ, ಅವರನ್ನು ಬಚ್ಚಿಡಬೇಡಿ. ಇವತ್ತೇ ಹೋಗಿ ಕೇಳಿ: "ಕೆಮ್ಮು ಎಷ್ಟು ದಿನ ಆಯ್ತು?"