ಒಂದು ಹಗ್ಗಕ್ಕೆ ಎರಡು ಜೋಕಾಲಿ

ಧಾರವಾಡದ ಕಡೆಯ ಹಳ್ಳಿಗಳಲ್ಲಿ ನಾಗರ ಪಂಚಮಿ ಬಂದರೆ ಒಂದು ಟೊಂಗೆಗೆ ಒಂದು ಜೋಕಾಲಿ ಕಟ್ಟುತ್ತಾರೆ. ದಾಂಡೇಲಿಯ ಕಾಗದದ ಮಿಲ್ಲಿನ ಕೆಲಸಗಾರರ ಮನೆಗಳ ಲೈನಿನಲ್ಲಿ ಹಾಗೆ ಕಟ್ಟುವಂತಿರಲಿಲ್ಲ. ಸ್ವಪ್ನಾಳ ಮನೆ ಮುಂದೆ ಇದ್ದದ್ದು ಎರಡು ಸಾಗವಾನಿ ಮರ. ಕಂಬದ ಹಾಗೆ ನೆಟ್ಟಗೆ ಮೇಲೆ ಹೋಗಿದ್ದವು, ಆಳಿನ ಭಾರ ತಡೆಯುವ ಅಡ್ಡ ಟೊಂಗೆ ಒಂದೂ ಇರಲಿಲ್ಲ. ಊರು ಬಿಟ್ಟು ಬಂದಿದ್ದ ಅಪ್ಪಂದಿರು ಪಂಚಮಿ ಬಿಡಲು ತಯಾರಿರಲಿಲ್ಲ. ಮಷೀನಿನಲ್ಲಿ ಕಾಗದದ ತುದಿ ಎಳೆದೊಯ್ಯುವ ನೈಲಾನ್ ಹಗ್ಗ ಸವೆದಾಗ ಅದನ್ನು ಬೇಡಿ ತಂದು, ಎಳೆ ಸೇರಿಸಿ ಹೊಸೆದು, ಒಂದು ಮರದಿಂದ ಇನ್ನೊಂದಕ್ಕೆ ಅಡ್ಡ ಕಟ್ಟಿದರು. ಅದಕ್ಕೇ ಎರಡು ಜೋಕಾಲಿ ಇಳಿಬಿಟ್ಟರು. ಎಷ್ಟು ಬಿಗಿದರೂ ಆ ಅಡ್ಡ ಹಗ್ಗ ಸ್ವಲ್ಪ ಜೋಲುತ್ತಿತ್ತು. ಕಳವು ಶುರುವಾದದ್ದು ಅಲ್ಲಿಂದ.

ಸ್ವಪ್ನಾ ಒಂದರ ಮೇಲೆ, ಪಕ್ಕದ ಮನೆಯ ರೂಪಾಲಿ ಇನ್ನೊಂದರ ಮೇಲೆ. ಸ್ವಪ್ನಾ ಕಾಲು ಒತ್ತಿ ತೂಗಲು ಶುರು ಮಾಡಿದರೆ ರೂಪಾಲಿ ಸುಮ್ಮನೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. ನೋಡನೋಡುತ್ತಿದ್ದಂತೆ ಸ್ವಪ್ನಾಳ ಜೋಕಾಲಿ ಸೋಲುತ್ತಿತ್ತು, ರೂಪಾಲಿಯದು ತಾನಾಗಿ ಏಳುತ್ತಿತ್ತು. ಕೊನೆಗೆ ಸ್ವಪ್ನಾಳ ಹಲಗೆ ಕಲ್ಲಿನ ಹಾಗೆ ನಿಂತಿರುತ್ತಿತ್ತು, ರೂಪಾಲಿ ಹಲ್ಲು ಕಿರಿಯುತ್ತ ತೂಗುತ್ತಿದ್ದಳು. ಇನ್ನಷ್ಟು ಹೊತ್ತಿಗೆ ಎಲ್ಲ ವಾಪಸು ಬರುತ್ತಿತ್ತು. "ಕಾಕೂ, ಇಕಿ ನನ್ನ ಜೀಕು ಕದ್ಲು!" ಎಂದು ಸ್ವಪ್ನಾ ಕೂಗಿದರೆ ರೂಪಾಲಿಯ ತಾಯಿ ಚಂದ್ರಿಬಾಯಿ ಹೊರಗೆ ಬಂದು, ಒಂದು ಜೋಕಾಲಿಯ ಹಗ್ಗಕ್ಕೆ ಗಂಟು ಹಾಕಿ ಗಿಡ್ಡ ಮಾಡಿ ಹೋಗುತ್ತಿದ್ದಳು. ಉದ್ದ ಬೇರೆಯಾದ ಕೂಡಲೇ ಕಳವು ಬಂದ್. ಆಕೆ ಒಳಗೆ ಹೋದ ಮೇಲೆ ಹುಡುಗಿಯರಿಬ್ಬರೂ ಸೇರಿ ಗಂಟು ಬಿಚ್ಚುತ್ತಿದ್ದರು. ಕಳವಿಲ್ಲದ ಜೋಕಾಲಿ ಅವರಿಗೆ ಸಪ್ಪೆ ಅನಿಸುತ್ತಿತ್ತು.

ಕಳವಾಗದ ಹಾಗೆ ತೂಗುವುದಕ್ಕೆ ಎರಡೇ ದಾರಿ ಇದ್ದವು. ಇಬ್ಬರೂ ಕೂಡಿಯೇ ಹಿಂದೆ, ಕೂಡಿಯೇ ಮುಂದೆ. ಇಲ್ಲವೇ ಒಬ್ಬಳು ಹಿಂದೆ ಹೋದಾಗ ಇನ್ನೊಬ್ಬಳು ಮುಂದೆ. ಎರಡನೆಯದು ಒಂಚೂರು ಚುರುಕು. ತೂಗುತ್ತ ಹಾಡುವ ಹಾಡು ಅದರಲ್ಲಿ ಹಿಂದೆ ಬೀಳುತ್ತಿತ್ತು. ಜೋಕಾಲಿ ಒಂದೇ ಉದ್ದದವು, ಆದರೆ ಓಟ ಎರಡು. ಇದನ್ನು ಮೊದಲು ಗಮನಿಸಿದವಳು ರೂಪಾಲಿ. ಪಿಎಚ್‌ಡಿಗೆ ಹೋದವಳು ಸ್ವಪ್ನಾ.

ಧಾರವಾಡದ ಲ್ಯಾಬಿನಲ್ಲಿ ಸ್ವಪ್ನಾಳ ಹತ್ತಿರ ಇದ್ದದ್ದು ಉಗುರಿಗಿಂತ ಚಿಕ್ಕದಾದ ಒಂದು ಚೂರು. ಅದರಲ್ಲಿ ಎದುರುಬದುರು ಎರಡು ಕನ್ನಡಿ, ಕಣ್ಣಿಗೆ ಕಾಣದಷ್ಟು ಹತ್ತಿರ. ನಡುವೆ ಅರೆವಾಹಕದ ತೆಳು ಪದರ. ಕನ್ನಡಿಗಳ ನಡುವೆ ಸಿಕ್ಕ ಬೆಳಕು ಪುಟಿಯುತ್ತಿರುತ್ತದೆ. ಪದರ ಅದನ್ನು ನುಂಗುತ್ತದೆ, ಮತ್ತೆ ಕೊಡುತ್ತದೆ, ಮತ್ತೆ ನುಂಗುತ್ತದೆ. ಕನ್ನಡಿಗಳ ಅಳತೆ ಪದರಕ್ಕೆ ಸರಿಯಾಗಿ ಹೊಂದಿದ ಜಾಗದಲ್ಲಿ ಈ ಕೊಡು-ತಗೊ ಎಷ್ಟು ಚುರುಕಾಗುತ್ತದೆ ಎಂದರೆ, ಅಲ್ಲಿರುವುದು ಬೆಳಕೋ ವಸ್ತುವೋ ಎಂದು ಕೇಳುವುದಕ್ಕೆ ಅರ್ಥ ಉಳಿಯುವುದಿಲ್ಲ. ಆಗ ಹೊರಬರುವ ಬೆಳಕಿನ ಗ್ರಾಫಿನಲ್ಲಿ ಒಂದು ಗೆರೆ ಇರಬೇಕಾದಲ್ಲಿ ಎರಡು ಗೆರೆ ಕಾಣಬೇಕು. ಲೈನಿನ ಜೋಕಾಲಿಗಳ ಎರಡು ಓಟದ ಹಾಗೆ. ಸ್ವಪ್ನಾ ಪ್ರತಿ ಸೆಮಿನಾರಿನಲ್ಲೂ ಬೋರ್ಡಿನ ಮೇಲೆ ಎರಡು ಸಾಗವಾನಿ, ಒಂದು ಹಗ್ಗ, ಎರಡು ಜೋಕಾಲಿ ಬರೆದು ಇದನ್ನು ಹೇಳುತ್ತಿದ್ದಳು. ಜನ ತಲೆ ಆಡಿಸುತ್ತಿದ್ದರು.

ತೊಂದರೆ ಒಂದೇ. ಅವಳ ಚೂರು ಎರಡು ಗೆರೆ ತೋರಿಸುತ್ತಿರಲಿಲ್ಲ. ಇಡೀ ವರ್ಷ ಒಂದೇ ಗೆರೆ, ದಪ್ಪ, ಮೊಂಡ.

"ಜೋಕಾಲಿ ಚಿತ್ರ ಭಾಳ ಛಂದ ಐತಿ," ಎಂದಿದ್ದರು ಗೈಡ್ ಮಾಲತೇಶ ಸರ್. "ಗ್ರಾಫ್ ತೋರ್ಸವಾ. ಇಲ್ಲಾ, ಚೂರು ಸರಿ ಇಲ್ಲ ಅಂತ ಬರದು ಮುಗಿಸು. ಪಂಚಮಿಗೆ ಮನಿಗೆ ಹೋಗಿ ಬಾ, ಬಂದಮ್ಯಾಲ ನಿನ್ನ ಥೀಸಿಸ್‌ನ ಆ ಅಧ್ಯಾಯ ತಗದುಬಿಡೂಣು."

ಆ ಅಧ್ಯಾಯ ತೆಗೆದರೆ ಥೀಸಿಸಿನಲ್ಲಿ ಉಳಿಯುವುದು ಪೀಠಿಕೆ. ಚೂರು ಬೇರೆ ದೇಶದಲ್ಲಿ ಪದರ ಪದರವಾಗಿ ಬೆಳೆಸಿ ತರಿಸಿದ್ದು. ಇನ್ನೊಂದು ಬರುವುದಿಲ್ಲ. ಚೂರು ಕೆಟ್ಟಿದೆಯೋ ತಾನೇ ಪ್ರಯೋಗ ಕೆಡಿಸಿಕೊಂಡಿದ್ದಾಳೋ ಅಷ್ಟು ತಿಳಿದರೆ ಸಾಕಿತ್ತು ಅವಳಿಗೆ. ಅದೇ ತಿಳಿಯುತ್ತಿರಲಿಲ್ಲ.

ದಾಂಡೇಲಿಯಲ್ಲಿ ಬಸ್ ಇಳಿದಾಗ ಮಿಲ್ಲಿನ ವಾಸನೆ ಮೊದಲಿನ ಹಾಗೇ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಕೊಳೆತ ಕೋಸಿನ ವಾಸನೆ. ಸ್ವಪ್ನಾಳಿಗೆ ಅದು ಶಾಲೆ ಬಿಟ್ಟ ಹೊತ್ತು. ಲೈನು ಅರ್ಧ ಖಾಲಿಯಾಗಿತ್ತು. ಅಪ್ಪ ಸೋಮಪ್ಪ ರಿಟೈರ್ ಆಗಿದ್ದ. ಹಬ್ಬ ಮುಗಿಸಿ ಹಳಿಯಾಳದ ಬಾಡಿಗೆ ಮನೆಗೆ ಹೋಗುವುದೆಂದು ಗಂಟು ಕಟ್ಟಿ ಇಟ್ಟಿದ್ದರು. ಮರಗಳ ನಡುವೆ ಅಡ್ಡ ಹಗ್ಗವಿತ್ತು, ಅದರಲ್ಲಿ ಒಂದೇ ಜೋಕಾಲಿ ತೂಗುತ್ತಿತ್ತು.

"ಇನ್ನೊಂದೆಲ್ಲಿ?" ಎಂದಳು.

"ಕುಂದ್ರಾವ್ರು ಯಾರದಾರು?" ಎಂದ ಸೋಮಪ್ಪ. "ಹುಡುಗ್ರೆಲ್ಲ ಹೋದ್ವು. ಇದನ್ನ ಕಟ್ಟಿದ್ದು ನಿಮ್ಮವ್ವನ ಕಾಟಕ್ಕ."

"ಇನ್ನೊಂದು ಕಟ್ಟಪ್ಪ. ಅಷ್ಟ ಉದ್ದ ಇರಬೇಕು ನೋಡು. ಬೆರಳಷ್ಟೂ ಹೆಚ್ಚುಕಡಿಮಿ ಬ್ಯಾಡ."

"ಓದಿ ಓದಿ ಹಟ ಹೆಚ್ಚಾಗೈತಿ ಇಕಿಗೆ," ಎಂದು ಅವನು ಹೆಂಡತಿ ಗೋದುಬಾಯಿಗೆ ದೂರು ಹೇಳಿದ. ಆದರೂ ಸಾಮಾನಿನ ಗಂಟಿನಿಂದ ಹಗ್ಗ ತೆಗೆದ. ಮಷೀನ್ ಮೇಲೆ ಹಗ್ಗ ಜೋಡಿಸಿ ಬದುಕಿದವನು. ಎರಡೂ ಹಲಗೆ ಒಂದೇ ಮಟ್ಟಕ್ಕೆ ಬರುವ ತನಕ ಕಟ್ಟಿದ, ಬಿಚ್ಚಿದ, ಕಟ್ಟಿದ.

ರೂಪಾಲಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಈಗ ಅವಳು ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ಬಂದವರಿಗೆ ಕೋಣೆ ಕೊಡುವ ಕೆಲಸದಲ್ಲಿದ್ದಳು. ದಿನವಿಡೀ ನಗಬೇಕಾದ ಕೆಲಸ. ಅದಕ್ಕೇ ಮನೆಗೆ ಬಂದರೆ ಯಾರಿಗೂ ಸುಮ್ಮಸುಮ್ಮನೆ ನಗುತ್ತಿರಲಿಲ್ಲ.

"ಏನ್ಲೇ ಡಾಕ್ಟರ್, ಬೆಳಕು ಹಿಡದೇನು?"

"ಇನ್ನೂ ಇಲ್ಲ. ಬಾ, ಮೊದಲ ಕುಂದರು. ಕಳವು ನೋಡಬೇಕು."

"ಅದನ್ನ ನೋಡಾಕ ಧಾರವಾಡದಿಂದ ಬಂದೀ?"

ಗೋದುಬಾಯಿ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಒನಕಿ ಹಂಗ ಇದ್ರಿ ಇಬ್ರೂ. ಈಗ ಒರಳು ಆಗೀರಿ. ಹಗ್ಗಕ್ಕ ಕೈ ಮುಗದು ಹತ್ರಿ."

ಸ್ವಪ್ನಾ ಜೋರಾಗಿ ಜೀಕಿದಳು. ಚೆನ್ನಾಗಿ ಕಾಣಬೇಕಲ್ಲ ಎಂದು ಇನ್ನೂ ಜೋರಾಗಿ. ಹಲಗೆ ಅಡ್ಡ ಹಗ್ಗದ ಅರ್ಧ ಎತ್ತರಕ್ಕೆ ಏರಿತು, ಅಡ್ಡ ಹಗ್ಗ ಪಟಪಟ ಬಡಿಯಿತು. ರೂಪಾಲಿಯ ಜೋಕಾಲಿ ಒಮ್ಮೆ ಆಚೆ, ಒಮ್ಮೆ ಈಚೆ ಸೊಟ್ಟಸೊಟ್ಟಗೆ ಅಲುಗಿತು. ಅಷ್ಟೇ. ಏಳಲಿಲ್ಲ. ರೂಪಾಲಿ ಜೀಕಿ ನೋಡಿದಳು, ಹಾಗೇ ಆಯಿತು. ಇಬ್ಬರೂ ಬೆವತರು. ಏನೂ ಕಳವಾಗಲಿಲ್ಲ.

"ಕಳ್ಳರು ಊರು ಬಿಟ್ರು ಅಂತ ಕಾಣಸ್ತೈತಿ," ಎಂದಳು ರೂಪಾಲಿ. "ನಿನ್ನ ಪಿಎಚ್‌ಡಿನೂ ಹಿಂಗ ನಡದೈತೇನು?"

ಸ್ವಪ್ನಾ ಕಾಲು ಊರಿ ಹಲಗೆ ನಿಲ್ಲಿಸಿದಳು. ಮಾತು ನಾಟಿತ್ತು. ನಾಲ್ಕು ಜನರ ಮುಂದೆ ಬೋರ್ಡಿನ ಮೇಲೆ ಬರೆದದ್ದೆಲ್ಲ ಚಿಕ್ಕಂದಿನ ಭ್ರಮೆಯೇ ಇರಬಹುದು. ರೂಪಾಲಿ ಆಗ ಯಾರಿಗೂ ಕಾಣದ ಹಾಗೆ ಕಾಲು ಒತ್ತಿ ತೂಗುತ್ತಿದ್ದಳೇನೋ. ಚೂರು ಹೋಯಿತು, ಜೋಕಾಲಿಯೂ ಹೋಯಿತು. ನಾಡಿದ್ದು ಲೈನೂ ಹೋಗುತ್ತದೆ.

ಚಂದ್ರಿಬಾಯಿ ತಾಟಿನಲ್ಲಿ ಖಾರ ಹಚ್ಚಿದ ಜೋಳದ ಅಳ್ಳು, ಶೇಂಗಾ ಉಂಡಿ ತಂದು ಇಬ್ಬರ ಕೈಗೂ ಕೊಟ್ಟಳು. ಇಳಿಯಲು ಬೇಸರವಾಗಿ ಅಲ್ಲೇ ಕೂತು ತಿಂದರು. ರೂಪಾಲಿ ಪುಣೆಯಿಂದ ಬಂದಿದ್ದ ಒಂದು ಕುಟುಂಬದ ಕಥೆ ಶುರು ಮಾಡಿದಳು. ಹಾರ್ನ್‌ಬಿಲ್ ಹಕ್ಕಿ ಕಾಣಲಿಲ್ಲ, ದುಡ್ಡು ವಾಪಸು ಕೊಡಿ ಎಂದು ಅವರು ರಂಪ ಮಾಡಿದ್ದರಂತೆ. ಸ್ವಪ್ನಾ ಕೇಳುತ್ತ, ನೆಲಕ್ಕೆ ಹೆಬ್ಬೆರಳು ಊರಿ ಒಮ್ಮೆ ಸುಮ್ಮನೆ ನೂಕಿಕೊಂಡಳು. ಹಲಗೆ ಒಂದು ಗೇಣು ಆಚೆ ಹೋಗಿ ಒಂದು ಗೇಣು ಈಚೆ ಬರುತ್ತಿತ್ತು.

"ನಾ ಅಂದೆ, ಹಕ್ಕಿ ನಮ್ಮ ಪಗಾರದ ಮ್ಯಾಲ ಇಲ್ರಿ ಅಂತ... ಏ! ನೂಕಬ್ಯಾಡಲೇ, ಉಂಡಿ ಬೀಳ್ತೈತಿ."

"ನಾ ಎಲ್ಲಿ ನೂಕೇನಿ?"

ಇಬ್ಬರೂ ಕೆಳಗೆ ನೋಡಿದರು. ಸ್ವಪ್ನಾಳ ಹಲಗೆ ನಿಂತಿತ್ತು. ರೂಪಾಲಿಯದು ಮೆತ್ತಗೆ ತೂಗುತ್ತಿತ್ತು, ಒಂದು ಗೇಣು ಆಚೆ, ಒಂದು ಗೇಣು ಈಚೆ. ಸ್ವಲ್ಪ ಹೊತ್ತಿಗೆ ಅದು ಸೋತು, ಸ್ವಪ್ನಾಳ ಹಲಗೆ ಎದ್ದಿತು. ತಿರುಗಿ ಅವಳ ಕಡೆಗೆ. ತಿರುಗಿ ಇವಳ ಕಡೆಗೆ.

"ಕಳ್ಳಿ," ಎಂದಳು ಸ್ವಪ್ನಾ.

"ನೀನ ಕಳ್ಳಿ," ಎಂದಳು ರೂಪಾಲಿ. ಬಾಯಲ್ಲಿ ಉಂಡಿ ಇತ್ತು, ಕಣ್ಣಲ್ಲಿ ನೀರಿತ್ತು. ಕೇಳಿದ್ದರೆ ಅಳ್ಳಿನ ಖಾರ ಎನ್ನುತ್ತಿದ್ದಳು.

ಸ್ವಪ್ನಾ ಹೆಬ್ಬೆರಳನ್ನೇ ನೋಡುತ್ತಿದ್ದಳು. ಜೋರಾಗಿ ಜೀಕಿದಾಗ ತೂಗುವ ಓಟವೇ ಬದಲಾಗಿ ಎರಡೂ ಹೊಂದಾಣಿಕೆ ತಪ್ಪಿದ್ದವು. ಅಡ್ಡ ಹಗ್ಗವೂ ಬಡಿದಾಡಿ ತನಗೆ ಬಂದ ಜೀಕನ್ನು ಆಚೆ ದಾಟಿಸದೆ ಚೆಲ್ಲಿತ್ತು. ಜೋಕಾಲಿಯ ಲೆಕ್ಕ ಜೋಕಾಲಿಗೆ, ಚೂರಿನ ಲೆಕ್ಕ ಚೂರಿಗೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಚೂರಿನ ಲೆಕ್ಕದಲ್ಲೂ ಒಂದು ಮಾತಿದೆ, ಎಲ್ಲ ಪುಸ್ತಕದಲ್ಲೂ ಇದೆ: ಬೆಳಕು ವಿಪರೀತ ಸುರಿದರೆ ಪದರದೊಳಗೆ ಗುಂಪು ಗದ್ದಲವಾಗಿ ಕೊಡು-ತಗೊ ಕೆಡುತ್ತದೆ, ಎರಡು ಗೆರೆ ಹೋಗಿ ಒಂದಾಗುತ್ತದೆ. ತಾನು ಸುರಿಯುತ್ತಿಲ್ಲ ಎಂದು ಅವಳು ನಂಬಿದ್ದಳು. ಮೀಟರು ಕಡಿಮೆಯೇ ತೋರಿಸುತ್ತಿತ್ತಲ್ಲ. ಆದರೆ ಹೋದ ವರ್ಷ, ಚೂರು ಬಂದ ಹೊಸತರಲ್ಲೇ, ಚೊಕ್ಕವಾಗಿ ಕಾಣಲಿ ಎಂದು ಬೇರೆ ಲೆನ್ಸ್ ಹಾಕಿದ್ದಳು. ಅಂದಿನಿಂದ ಅಷ್ಟೇ ಬೆಳಕು ಸೂಜಿಮೊನೆಯಷ್ಟು ಚುಕ್ಕೆಯಲ್ಲಿ ಬೀಳುತ್ತಿತ್ತು. ಮೀಟರಿಗೆ ಅದು ತಿಳಿಯುವುದಿಲ್ಲ. ಚೂರಿಗೆ ತಿಳಿಯುತ್ತದೆ.

"ನಾ ನಾಳೆ ಮುಂಜಾನಿ ಹೋಗ್ತೇನಿ," ಎಂದಳು.

"ಸಾಮಾನು ಎತ್ತಾಕ ಇರೂದಿಲ್ಲೇನು?" ಎಂದಳು ಗೋದುಬಾಯಿ.

"ರೂಪಾಲಿ ಅದಾಳಲ್ಲ."

"ನೋಡ್ರಿ," ಎಂದಳು ರೂಪಾಲಿ, "ಇಕಿ ಇನ್ನೂ ಕದಿಯೂದು ಬಿಟ್ಟಿಲ್ಲ."

ಧಾರವಾಡದಲ್ಲಿ ಮಾಲತೇಶ ಸರ್ ಮುಖ ಗಂಟು ಹಾಕಿದರು. ಬೆಳಕನ್ನು ಅಷ್ಟು ಇಳಿಸಿದರೆ ಗೆರೆ ಕಾಣುವುದೇ ಇಲ್ಲ, ಕ್ಯಾಮೆರಾ ಕತ್ತಲೆಯನ್ನೇ ಅಳೆಯುತ್ತದೆ ಎಂದರು. "ಕಾಯ್ತೇನ್ರಿ ಸರ್," ಎಂದಳು ಸ್ವಪ್ನಾ. ಲೆನ್ಸ್ ತೆಗೆದು ಹಳೆಯದನ್ನು ಹಾಕಿದಳು. ಲೇಸರಿನ ದಾರಿಯಲ್ಲಿ ಕಪ್ಪು ಗಾಜುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಳು. ಕ್ಯಾಮೆರಾ ತೆರೆದಿಟ್ಟು, ಯಾರೂ ಬಾಗಿಲು ಬಡಿಯದ ಹಾಗೆ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಳು. ಚಹಾ ಆರಿತು. ಮಧ್ಯಾಹ್ನದ ಊಟದ ಗಂಟೆ ಹೋಯಿತು.

ಮೊದಲ ಗ್ರಾಫಿನಲ್ಲಿ ಬರೀ ಹುಲ್ಲಿನಂಥ ಸಣ್ಣ ಗೀರುಗಳು. ಕನ್ನಡಿಗಳ ಅಳತೆ ಹೊಂದುವ ಜಾಗ ಹುಡುಕುತ್ತ ಚೂರನ್ನು ಒಂದು ಕೂದಲೆಳೆ ಸರಿಸಿ ಮತ್ತೆ ಕಾದಳು. ಸಂಜೆ ಬಿಸಿಲು ಕಾರಿಡಾರಿಗೆ ಬರುವ ಹೊತ್ತಿಗೆ ಹುಲ್ಲಿನಿಂದ ಎರಡು ದಿನ್ನೆ ಎದ್ದಿದ್ದವು. ಚಿಕ್ಕವು, ನಡುವೆ ತಗ್ಗು. ಅವಳು ಚೂರನ್ನು ಈಚೆ ಸರಿಸಿದಳು, ಆಚೆ ಸರಿಸಿದಳು. ದಿನ್ನೆಗಳು ಹತ್ತಿರ ಬಂದವು, ಒಂದನ್ನೊಂದು ಮುಟ್ಟದೆ ದೂರ ಹೋದವು. ಕಪ್ಪು ಗಾಜು ತೆಗೆದು ಬೆಳಕು ಏರಿಸಿದಳು. ಎರಡೂ ಸೇರಿ ಹಳೆಯ ಮೊಂಡ ಗೆರೆ ವಾಪಸು ಬಂತು. ಗಾಜು ಹಾಕಿದಳು. ಎರಡಾಯಿತು.

ಮಾಲತೇಶ ಸರ್ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಇನ್ನೂ ನಾಕು ಸಲ ಮಾಡು," ಎಂದರು. "ಅಧ್ಯಾಯ ಇರ್ಲಿ." ಒಂದು ವರ್ಷ ದಂಡವಾಯಿತು ಎಂದೂ ಹೇಳಿದರು. ಅದೂ ನಿಜವೇ.

ಸ್ವಪ್ನಾ ಗ್ರಾಫಿನ ಫೋಟೊ ರೂಪಾಲಿಗೆ ಕಳಿಸಿದಳು. ಬಿಡುವಾದ ಮೇಲೆ ರೂಪಾಲಿ ಫೋನ್ ಮಾಡಿದಳು.

"ಎರಡು ದಿನ್ನಿ ಅದಾವಲ್ಲ, ಇದರಾಗ ನೀ ಯಾವಾಕಿ, ನಾ ಯಾವಾಕಿ?"

"ಒಂದು ಕೂಡಿ ತೂಗೂದು, ಒಂದು ಎದುರು ತೂಗೂದು. ಎರಡರಾಗೂ ಇಬ್ರೂ ಅದೇವಿ."

"ಹಂಗಾರ ಡಾಕ್ಟರ್ ಅಂತ ನನ್ನ ಹೆಸರಿಗೂ ಹಚ್ಚು," ಎಂದಳು ರೂಪಾಲಿ. "ನಿಮ್ಮ ಸಾಮಾನು ಎತ್ತಿ ನನ್ನ ಸೊಂಟ ಹೋತು."

ಅಡ್ಡ ಹಗ್ಗದ ಹಳೆಯ ಗಂಟು ಬಿಚ್ಚಲಿಲ್ಲವಂತೆ. ಸೋಮಪ್ಪ ಕುಡಗೋಲಿನಿಂದ ಕೊಯ್ದು ತಂದಿದ್ದ. ಹಳಿಯಾಳದ ಮನೆ ಮುಂದೆ ಮರಗಳಿಲ್ಲ. ಗೋದುಬಾಯಿ ಅದನ್ನು ಹಿತ್ತಲಿನ ಎರಡು ಗೂಟಕ್ಕೆ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. ದೀಪಾವಳಿಗೆ ಹೋದಾಗ ಸ್ವಪ್ನಾ ಅದನ್ನು ಹಿಡಿದು ಒಮ್ಮೆ ಮೈ ಭಾರ ಬಿಟ್ಟಳು.

"ಜೋತಾಡಬ್ಯಾಡ," ಒಳಗಿನಿಂದಲೇ ಕೂಗಿದಳು ಗೋದುಬಾಯಿ. "ನಿಮ್ಮಪ್ಪನ ಪಂಜೆ ಮಣ್ಣಾಗ ಬೀಳ್ತೈತಿ."