ನಾವೇ ಹಾಕಿದ ಕಲ್ಲು

ನಮ್ಮ ಸಾರ್ ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಎತ್ತಿದ ಕೈ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಬೈಯುವುದು ಬೇರೆ ಬೇಕಾದಷ್ಟಿದೆ. ಜಾಹೀರಾತು ಮಾಡುವ ನಮ್ಮ ಏಜೆನ್ಸಿಯಲ್ಲಿ ಇದ್ದದ್ದು ಬೆರಳೆಣಿಕೆಯ ಜನ, ಎರಡು ಕೋಣೆ. ಕೆಳಗೆ ಟೈರ್ ಅಂಗಡಿ. ಕಿಟಕಿ ತೆರೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಎಸಿ ಇದ್ದದ್ದು ಸಾರ್ ಕೂರುವ ಗಾಜಿನ ಕೋಣೆಯಲ್ಲಿ ಮಾತ್ರ. ಅವರು ಬಾಗಿಲು ತೆಗೆದು ಯಾರನ್ನಾದರೂ ಬೈಯಲು ಹೊರಗೆ ಬಂದಾಗ ಒಂದಿಷ್ಟು ತಂಪು ಗಾಳಿಯೂ ಜೊತೆಗೆ ಬರುತ್ತಿತ್ತು. ಅವರಿಂದ ನಮಗೆ ಆದ ಉಪಕಾರ ಅದೊಂದೇ.

ನಾನು ಬರೆಯುವವಳು. ಅಕ್ಕ ಚಿತ್ರ ಮಾಡುವವರು. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ನನಗಿಂತ ಹಿರಿಯರು, ಪಕ್ಕದ ಮೇಜು. ನಾನು ಸೇರಿದ ಹೊಸತರಲ್ಲಿ ಇಬ್ಬರೂ ಸೇರಿ ಹಾಸಿಗೆ ಕಂಪನಿಯೊಂದಕ್ಕೆ ಜಾಹೀರಾತು ಮಾಡಿದ್ದೆವು. ಹಾಸಿಗೆಯ ಮೇಲೆ ಒಂದು ಮಗು ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದೆ, ಅಷ್ಟೇ. ಸಾರ್ ಅದನ್ನು ತುಂಬಾ ಹೊತ್ತು ನೋಡಿದರು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ಅವರ ಮುಖ ಹಸಿದವರ ಮುಖದಂತಾಗುತ್ತದೆ. ಕೊನೆಗೆ, ಮಗು ಸೋಮಾರಿಯ ಹಾಗೆ ಕಾಣುತ್ತಿದೆ, ಎಬ್ಬಿಸಿ ನಿಲ್ಲಿಸಿ ಎಂದರು. ಹಾಸಿಗೆಯ ಜಾಹೀರಾತಿನಲ್ಲಿ ಮಗು ಎದ್ದು ನಿಂತಿತು. ಕಂಪನಿಯವರು ಬೇರೆ ಏಜೆನ್ಸಿಗೆ ಹೋದರು. ತಪ್ಪು ಎಂದಿನಂತೆ ನಮ್ಮ ತಲೆಗೆ ಬಂತು.

ಆ ಸಂಜೆಯೇ ಅಕ್ಕ ಉಪಾಯ ಹೇಳಿಕೊಟ್ಟರು. ಅವರಿಗೆ ಕಲ್ಲು ಬೇಕು, ಕಲ್ಲು ನಾವೇ ಹಾಕಿ ಕೊಡೋಣ. ಅಂದಿನಿಂದ ನಮ್ಮ ಪ್ರತಿ ಕೆಲಸದಲ್ಲೂ ಒಂದು ತಪ್ಪು ಇರುತ್ತಿತ್ತು, ಬೇಕೆಂದೇ ಇಟ್ಟದ್ದು. ಸಾರ್ ಅದನ್ನು ಹಿಡಿಯುತ್ತಿದ್ದರು, ನಮ್ಮ ಜನ್ಮ ಜಾಲಾಡುತ್ತಿದ್ದರು, ಸಮಾಧಾನವಾಗಿ ಸಹಿ ಹಾಕುತ್ತಿದ್ದರು. ಅಕ್ಕ ಕಲ್ಲು ತೆಗೆದು ಮೊಸರನ್ನು ಪ್ರೆಸ್ಸಿಗೆ ಕಳಿಸುತ್ತಿದ್ದರು. ಬಣ್ಣದ ಕಂಪನಿಯ ಚಿತ್ರದಲ್ಲಿ ಏಣಿಗೆ ನೆರಳಿಲ್ಲ ಎಂದು ಸಾರ್ ಕಂಡುಹಿಡಿದದ್ದು ಅವರ ಬಾಳಿನ ದೊಡ್ಡ ಗೆಲುವು. ಆ ಜಾಹೀರಾತಿಗೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಬಂದವರಿಗೆಲ್ಲ ಆ ನೆರಳಿನ ಕಥೆ ಹೇಳುತ್ತಿದ್ದರು, ನಾವು ಮೊದಲ ಸಲ ಕೇಳುವವರಂತೆ ತಲೆದೂಗುತ್ತಿದ್ದೆವು. ಬರುಬರುತ್ತಾ ಅವರ ಕಣ್ಣು ಮಂಜಾಯಿತು, ಕನ್ನಡಕಕ್ಕೆ ಮರ್ಯಾದೆ ಅಡ್ಡ ಬಂತು. ನಮ್ಮ ಕಲ್ಲುಗಳನ್ನು ವರ್ಷವರ್ಷವೂ ದೊಡ್ಡದು ಮಾಡಬೇಕಾಯಿತು.

ಹೀಗೆ ನಗುತ್ತಾ ಇದ್ದೆವು ಅಂದುಕೊಳ್ಳಬೇಡಿ. ಅಕ್ಕನ ಮಗಳ ಮೊದಲ ಹೆರಿಗೆಗೆ ಸಾರ್ ರಜೆ ಕೊಟ್ಟಿದ್ದರು. ಮಗಳು ಇದ್ದದ್ದು ಬೇರೆ ಊರಿನಲ್ಲಿ. ಅಕ್ಕ ಬಸ್ಸು ಹತ್ತಬೇಕಾದ ಸಂಜೆ ಸಾರ್, ಒಂದು ಕ್ಯಾಲೆಂಡರ್ ಕೆಲಸ ಬಂದಿದೆ, ರಜೆ ಇಲ್ಲ ಎಂದರು. ಅಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದರು. ಆ ಮಗು ಮೂರು ದಿನ ಇತ್ತು. ಅಕ್ಕ ಹೋಗಿ ಮುಟ್ಟುವಾಗ ತೊಟ್ಟಿಲು ಖಾಲಿಯಾಗಿತ್ತು. ವಾಪಸು ಬಂದ ದಿನ ಸಾರ್, ನಾವೆಲ್ಲ ಒಂದೇ ಕುಟುಂಬ ಎಂದು ಹೇಳಿ ಸಂತಾಪದ ಕಾರ್ಡ್ ಕೊಟ್ಟರು. ಅದು ಯಾವುದೋ ಗಿರಾಕಿಗಾಗಿ ಅಕ್ಕನೇ ಮಾಡಿದ್ದ ಕಾರ್ಡಿನ ಸ್ಯಾಂಪಲ್, ಸಾರ್ ಡ್ರಾಯರಿನಲ್ಲಿ ಉಳಿದಿತ್ತು. ಅಕ್ಕ ಥ್ಯಾಂಕ್ಸ್ ಎಂದರು. ನನಗೆ ಆ ಕಾರ್ಡಿನಿಂದಲೇ ಸಾರ್ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು.

ಮಗಳು ಮತ್ತೆ ಬಸುರಿಯಾದಳು. ಈ ಸಲ ಏನಾದರೂ ಆಗಲಿ, ನಾನು ಅವಳ ಹತ್ತಿರ ಇರಲೇಬೇಕು ಎಂದು ಅಕ್ಕ ದಿನಾ ಹೇಳುತ್ತಿದ್ದರು. ರಜೆ ಕೇಳಿದಾಗಲೆಲ್ಲ ಸಾರ್ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಅಷ್ಟರಲ್ಲಿ ಅವರು ನಾಯಕತ್ವ ಕಲಿಸುವ ಯಾವುದೋ ಶಿಬಿರಕ್ಕೆ ಹೋಗಿ ಬಂದರು. ಎದೆಯ ಮೇಲೆ ಸಿಂಹ ಇರುವ ಟೀ ಶರ್ಟ್ ಹಾಕಿಕೊಂಡು ನಮ್ಮನ್ನೆಲ್ಲ ದುಂಡಗೆ ಕೂರಿಸಿ, ಇವತ್ತಿನಿಂದ ನಾನು ಹೊಸ ಮನುಷ್ಯ, ಇನ್ನು ನಿಮ್ಮನ್ನೆಲ್ಲ ನಂಬುತ್ತೇನೆ ಎಂದರು. ರೇಡಿಯೋ ಮೊದಲು ಚಪ್ಪಾಳೆ ತಟ್ಟಿದ. ಗಿರಾಕಿಗಳ ಹತ್ತಿರ ಓಡಾಡುವ ಇವನಿಗೆ ಆ ಹೆಸರಿಟ್ಟದ್ದು ನಾನೇ. ನಾವು ಸೀನಿದರೂ ಸುದ್ದಿ ಸಾರ್ ಕಿವಿಗೆ ಹೋಗುತ್ತಿತ್ತು. ಅಕ್ಕ ಸಮಯ ನೋಡಿ ಅಲ್ಲೇ ರಜೆ ಕೇಳಿದರು. ಎಲ್ಲರೂ ನೋಡುತ್ತಿದ್ದರು, ಎದೆಯ ಮೇಲೆ ಸಿಂಹವೂ ಇತ್ತು. ಸಾರ್ ಕೊಟ್ಟುಬಿಟ್ಟರು.

ಅಕ್ಕ ಹೊರಡುವ ಮೊದಲು ಮುಗಿಸಬೇಕಾಗಿದ್ದದ್ದು ಒಂದು ಹೆರಿಗೆ ಆಸ್ಪತ್ರೆಯ ಹೋರ್ಡಿಂಗ್. ತಾಯಿಯ ಅಂಗೈಯಲ್ಲಿ ಮಗುವಿನ ಪುಟ್ಟ ಕಾಲು, ಕೆಳಗೆ ನನ್ನ ಒಂದು ಸಾಲು. ಕಲ್ಲು ಯಾವುದು ಎಂಬ ಮಾತು ಬಂದಾಗ ನಾನೇ ಹೇಳಿದೆ, ಕಾಲಿಗೆ ಆರನೇ ಬೆರಳು ಇಡೋಣ. ಅಕ್ಕ ಕೈಯಲ್ಲಿದ್ದ ಮೌಸ್ ಬಿಟ್ಟರು. ಮಗುವಿನ ಕಾಲು, ಬೇರೆ ಏನಾದರೂ ಹುಡುಕು ಎಂದರು. ಅದಕ್ಕಿಂತ ಚಿಕ್ಕದು ಸಾರ್ ಕಣ್ಣಿಗೆ ಬೀಳುವುದಿಲ್ಲ ಎಂದೆ. ಅಕ್ಕ ಬೆರಳು ಸೇರಿಸಿದರು, ಸರಿಯಾದದ್ದನ್ನು ಬೇರೆ ತೆಗೆದಿಟ್ಟರು, ಅದನ್ನು ಎಲ್ಲಿಟ್ಟಿದ್ದೇನೆಂದು ನನಗೆ ತೋರಿಸಿ ಬಸ್ಸಿಗೆ ಓಡಿದರು.

ಮರುದಿನ ಪ್ರೂಫ್ ಹಿಡಿದು ಒಳಗೆ ಹೋದೆ. ಸಾರ್ ಅದನ್ನು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಾ ಸಹಿ ಹಾಕಿದರು. ಒಂದು ಸಲ ನೋಡಿಬಿಡಿ ಸಾರ್ ಎಂದೆ. ನಾನು ನಿಮ್ಮನ್ನ ನಂಬಿದರೂ ನೀವು ನನ್ನನ್ನ ನಂಬಲ್ವಲ್ಲ ಎಂದು ನಿಜಕ್ಕೂ ನೊಂದುಕೊಂಡರು. ನೊಂದುಕೊಂಡೇ, ಒಪ್ಪಿಗೆಗೆಂದು ನಾನು ಅವರ ಕಂಪ್ಯೂಟರಿಗೆ ಕಳಿಸಿದ್ದ ಅದೇ ಆರು ಬೆರಳಿನ ಚಿತ್ರವನ್ನು ಪ್ರೆಸ್ಸಿಗೆ ತಾವೇ ಕಳಿಸಿಬಿಟ್ಟರು. ನಾನು ಮೆಟ್ಟಿಲ ಹತ್ತಿರ ಹೋಗಿ ಪ್ರೆಸ್ಸಿನವನಿಗೆ ಫೋನ್ ಮಾಡಿದೆ. ಸಾರ್ ಬಾಯಿಂದ ಮಾತು ಬಾರದೆ ಯಾವ ಕೆಲಸವನ್ನೂ ನಿಲ್ಲಿಸುವ ಹಾಗಿಲ್ಲ ಎಂದ. ಆ ನಿಯಮ ಮಾಡಿದ್ದೂ ಸಾರೇ. ಮತ್ತೆ ಒಳಗೆ ಹೋಗಿ ಇದ್ದದ್ದನ್ನು ಹೇಳಿಬಿಡಬಹುದಿತ್ತು. ಹೇಳಿದರೆ ಅಕ್ಕನನ್ನು ಆ ಕ್ಷಣವೇ ವಾಪಸು ಕರೆಸುತ್ತಾರೆ, ಮಗಳಿಗೆ ದಿನ ತುಂಬಿದೆ. ಕಾಲಿನ ಬೆರಳು ಯಾರು ಎಣಿಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಲ್ಲರೂ ಎಣಿಸಿದರು. ಹೋರ್ಡಿಂಗ್ ಎದ್ದ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತ ಶಾಲೆ ಬಸ್ಸಿನ ಮಕ್ಕಳು ಮೊದಲು ಎಣಿಸಿದರಂತೆ. ಮಧ್ಯಾಹ್ನದೊಳಗೆ ಆ ಕಾಲು ಊರಿನವರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಫೋನ್ ಮಾಡಿದಾಗ ಎತ್ತಿದ್ದು ನಾನು. ಅವರು ಕೂಗಾಡಲಿಲ್ಲ. ಬಾಣಂತಿಯರ ವಾರ್ಡಿನ ಕಿಟಕಿಗೆ ಅದು ನೇರ ಕಾಣುತ್ತದೆ, ಪರದೆ ಎಳೆಸಿದ್ದೇನೆ, ಬೇಗ ಇಳಿಸಿ ಎಂದಷ್ಟೇ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾರ್ ಮೇಲಿನ ಸಿಟ್ಟಿನ ಆಟದಲ್ಲಿ ಆ ಕಿಟಕಿಯ ಒಳಗಿರುವವರು ನನಗೆ ನೆನಪೇ ಆಗಿರಲಿಲ್ಲ.

ಸಾರ್ ನಮ್ಮನ್ನೆಲ್ಲ ಗಾಜಿನ ಕೋಣೆಯಲ್ಲಿ ನಿಲ್ಲಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿನಲ್ಲಿ ಅಕ್ಕನಿಗೆ ಫೋನ್ ಮಾಡಿದರು. ಬೈಗುಳವೆಲ್ಲ ಮುಗಿಯುವವರೆಗೆ ಆ ಕಡೆಯಿಂದ ತಳ್ಳುಗಾಡಿಯ ಚಕ್ರದ ಸದ್ದು, ಯಾರೋ ನರ್ಸನ್ನು ಕರೆಯುವ ಸದ್ದು ಬರುತ್ತಿತ್ತು.

"ನಾಳೆ ಬೆಳಿಗ್ಗೆ ಇಲ್ಲಿ ಇರಬೇಕು. ಇಲ್ಲಾಂದ್ರೆ ಇನ್ಮೇಲೆ ಬರೋದೇ ಬೇಡ," ಎಂದರು ಸಾರ್.

"ಮಗಳನ್ನ ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು ಸಾರ್," ಎಂದರು ಅಕ್ಕ. ದನಿ ಸಣ್ಣದಾಗಿತ್ತು. ಅವರು ಹೊರಟೇಬಿಡುತ್ತಾರೆ ಎಂದು ನನಗೆ ಗೊತ್ತಾಯಿತು. ಮನೆ ನಡೆಯುತ್ತಿದ್ದದ್ದೇ ಅವರ ದುಡಿಮೆಯ ಮೇಲೆ.

"ಅಕ್ಕ ಫೋನ್ ಇಡಿ," ಎಂದೆ ನಾನು. "ಸಾರ್, ಬೆರಳು ಸೇರಿಸಿದ್ದು ನಾನು. ಅವರು ಹೋದ ಮೇಲೆ ಅವರ ಕಂಪ್ಯೂಟರಿನ ಮುಂದೆ ಕೂತು ಮಾಡಿದೆ. ಅವರಿಗೆ ಏನೂ ಗೊತ್ತಿಲ್ಲ."

ಆ ಕಡೆ ಅಕ್ಕ ಏನೋ ಹೇಳಲು ಹೊರಟರು. ನಾನು ಕೈ ಚಾಚಿ ಫೋನ್ ಕತ್ತರಿಸಿದೆ. ಸಾರ್ ಫೋನನ್ನು ಇನ್ನೊಬ್ಬರು ಕತ್ತರಿಸಿದ್ದು ಆ ಕೋಣೆಯಲ್ಲಿ ಅದೇ ಮೊದಲು. ಬೆರಳು ಯಾಕೆ ಸೇರಿಸಿದೆ ಎಂದು ಕೇಳಿದರು. ಸುಳ್ಳು ಹೇಳಲು ಇನ್ನು ತ್ರಾಣ ಇರಲಿಲ್ಲ.

"ನಿಮಗೆ ಸಿಗಲಿ ಅಂತ ಸಾರ್. ಯಾವಾಗಲೂ ಒಂದು ಇಡ್ತೀನಿ. ಸಿಕ್ಕಿದ್ರೆ ಮಿಕ್ಕಿದ್ದನ್ನ ನೀವು ಮುಟ್ಟಲ್ಲ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಧಾನವಾಗಿ ತಿರುಗಿ ಗೋಡೆಯ ಚೌಕಟ್ಟನ್ನು ನೋಡಿದರು.

"ಏಣಿ ನೆರಳು?"

"ಅದೂ ಸಾರ್."

ಅವರು ಕುರ್ಚಿಯ ಹಿಡಿ ಹುಡುಕಿಕೊಂಡು ಕೂತರು. ಇಷ್ಟು ವರ್ಷ ಈ ಕ್ಷಣವನ್ನು ಎಷ್ಟು ಸಲ ಮನಸ್ಸಿನಲ್ಲಿ ಚಪ್ಪರಿಸಿದ್ದೆ. ಬಂದಾಗ ಖುಷಿಯೇ ಆಗಲಿಲ್ಲ. ಸಿಂಹದ ಟೀ ಶರ್ಟಿನಲ್ಲಿ ಹೊಟ್ಟೆ ಬಿಗಿದುಕೊಂಡು ಕೂತ ಒಬ್ಬ ವಯಸ್ಸಾದ ಮನುಷ್ಯನನ್ನು ನೋಡಿ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವರು, ನಿನ್ನನ್ನ ನಂಬಿದ್ದೆ ಎಂದರು. ಅದು ನಿಜವೂ ಆಗಿತ್ತು. ಅವರು ನಂಬಿದ್ದು ಒಂದೇ ದಿನ, ನಾವು ಮೋಸ ಮಾಡದೆ ಬದುಕುವುದನ್ನು ಮರೆತ ಮೇಲೆ. ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋಗು ಎಂದರು. ಇಟ್ಟು ಬಂದೆ. ನಾನು ಮರೆತ ನನ್ನ ಕಪ್ಪನ್ನು ರೇಡಿಯೋ ಮೆಟ್ಟಿಲವರೆಗೆ ತಂದುಕೊಟ್ಟ, ಮುಖ ನೋಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಅಕ್ಕನ ಫೋನ್ ಬಂತು.

"ಹೆಣ್ಣು ಮಗು ಕಣೇ. ಕೈಗೆ ಕೊಟ್ಟ ತಕ್ಷಣ ಮೊದಲು ಕಾಲೇ ನೋಡಿದೆ. ಹತ್ತೇ ಇವೆ."

ಇಬ್ಬರೂ ಅತ್ತೆವು. ನಾನೂ ಸೇರಿದ್ದೆ ಎಂದು ಸಾರ್‌ಗೆ ಹೇಳಿಬಿಡುತ್ತೇನೆ ಎಂದು ಅಕ್ಕ ಹಟ ಹಿಡಿದರು. ಬಾಯಿ ಮುಚ್ಚಿಕೊಂಡು ಮೊಮ್ಮಗಳನ್ನು ನೋಡಿಕೊಳ್ಳಿ ಎಂದು ಗದರಿಸಿದೆ. ನನ್ನ ಹಿಂದೆ ಮುಂದೆ ಯಾರೂ ಇಲ್ಲ, ಹೇಗೋ ಆಗುತ್ತದೆ ಎಂದೆ. ಹೇಗೂ ಆಗಲಿಲ್ಲ. ಊರು ಚಿಕ್ಕದು, ಏಜೆನ್ಸಿಗಳು ಅದಕ್ಕಿಂತ ಚಿಕ್ಕವು. ಹೋದ ಕಡೆಯೆಲ್ಲ ನನಗಿಂತ ಮುಂಚೆ ಆ ಕಾಲು ಹೋಗಿ ಕೂತಿರುತ್ತಿತ್ತು.

ಅಕ್ಕ ರಜೆ ಮುಗಿಸಿ ಬಂದರು. ಕೆಲಸ ಬೇಕಿತ್ತು, ಸಾರ್‌ಗೂ ಅವರು ಬೇಕಿತ್ತು. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಟೈರ್ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಸೇರಿದೆವು. ಮೊದಲು ಮೊಮ್ಮಗಳ ಫೋಟೋಗಳನ್ನೆಲ್ಲ ತೋರಿಸಿದರು. ಆಮೇಲೆ ಆಫೀಸು ಹೇಗಿದೆ ಎಂದು ಕೇಳಿದೆ. ಸಾರ್ ಈಗ ಕನ್ನಡಕ ಹಾಕಿಕೊಂಡಿದ್ದಾರಂತೆ, ಚೌಕಟ್ಟು ಗೋಡೆಯಿಂದ ಇಳಿದಿದೆಯಂತೆ.

"ನಾನು ಕಲ್ಲು ಹಾಕೋದು ಬಿಟ್ಟೆ. ಅದೇ ಕಷ್ಟ ಆಗಿರೋದು," ಎಂದರು ಅಕ್ಕ. "ಎಲ್ಲಿದೆ ಎಲ್ಲಿದೆ ಅಂತ ಹುಡುಕ್ತಾರೆ. ಇಲ್ಲ ಸಾರ್ ಅಂದ್ರೆ ನಂಬಲ್ಲ, ಸಹಿ ಹಾಕಲ್ಲ. ಬೇಕಂತ ಒಂದು ಇಟ್ಟರೆ, ಇದು ತೋರಿಕೆಗೆ, ನಿಜವಾದದ್ದು ಎಲ್ಲಿ ಅಂತಾರೆ. ಅದಕ್ಕೆ ಈಗ ಚಿತ್ರದಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ತೋರಿಸಿ, ಇದೇ ಸಾರ್, ತಪ್ಪಾಯ್ತು ಅಂತೀನಿ. ಅದನ್ನ ತೆಗೆಸ್ತಾರೆ. ಸಮಾಧಾನ ಆಗುತ್ತೆ."

ಅಕ್ಕ ಫೋನಿನಲ್ಲಿ ಇನ್ನೊಂದು ಚಿತ್ರ ತೆಗೆದು ನನ್ನ ಮುಂದಿಟ್ಟರು. ದೀಪದ ಅಂಗಡಿಯೊಂದರ ಜಾಹೀರಾತು. ತೆರೆದ ಪುಸ್ತಕದ ಮೇಲೆ ತಲೆಯಿಟ್ಟು ಒಂದು ಹುಡುಗಿ ನಿದ್ದೆ ಹೋಗಿದ್ದಾಳೆ, ಮೇಜಿನ ದೀಪದ ಬೆಳಕು ಅವಳ ಕೂದಲವರೆಗೆ ಬಂದಿದೆ. ಅಕ್ಕ ಇಷ್ಟು ಒಳ್ಳೆಯ ಚಿತ್ರ ಮಾಡಿ ಬಹಳ ಕಾಲವಾಗಿತ್ತು. ಇವತ್ತು ಸಂಜೆಯೊಳಗೆ ಸಹಿ ಬೇಕು, ಇದರಲ್ಲಿ ಸಾರ್‌ಗೆ ತಪ್ಪು ಅಂತ ಏನನ್ನು ಕೊಡಲಿ, ನಿನಗೆ ಬೇಗ ಹೊಳೆಯುತ್ತದೆ, ಹೇಳು ಎಂದರು.

ನೋಡುತ್ತಾ ಕೂತೆ. ಟೀ ಆರಿತು. ಅಕ್ಕ ಎದುರಿನ ಆಫೀಸಿನ ಕಿಟಕಿಯ ಕಡೆ ನೋಡಿ ಸೆರಗು ಸರಿಮಾಡಿಕೊಂಡರು.

"ಹುಡುಗಿಯನ್ನ ಎಬ್ಬಿಸಿಬಿಡಿ ಅಕ್ಕ," ಎಂದೆ.

ಅವರು ತಲೆಯಾಡಿಸಿ, ಫೋನನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದರು.