ಸೇವಂತಿಯ ಕಿವಿಯ ಹತ್ತಿ

ಕವನಾ ಸತ್ತ ಕುದುರೆಯ ಕಿವಿಯೊಳಗೆ ಎರಡು ಬೆರಳು ಇಳಿಸಿ ಹತ್ತಿ ಎಳೆದಳು. ಎಡಗಿವಿಯದು ಸಲೀಸಾಗಿ ಬಂತು. ಬಲಗಿವಿ ನೆಲಕ್ಕೊತ್ತಿಕೊಂಡಿತ್ತು, ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಅದನ್ನೂ ತೆಗೆದಳು. ರಾತ್ರಿ ಮದುವೆ ಮೆರವಣಿಗೆ ಮುಗಿಸಿ ಸೇವಂತಿಯನ್ನು ತಂದು ಕಟ್ಟಿದ್ದ ಅಪ್ಪ ಹತ್ತಿ ತೆಗೆಯದೆ ಹಾಗೇ ಬಿಟ್ಟಿದ್ದ. ಬೆಳಿಗ್ಗೆ ಕವನಾ ಹುಲ್ಲು ಹಾಕಲು ಬಂದಾಗ ಸೇವಂತಿ ನಾಲ್ಕೂ ಕಾಲು ಚಾಚಿ ಸೆಟೆದುಕೊಂಡಿದ್ದಳು. ಬಿಳಿ ಮೈಮೇಲೆ ಒಂದು ಗೀರೂ ಇರಲಿಲ್ಲ.

ಕವನಾ ಹತ್ತಿಯನ್ನು ವೇಲಿನ ತುದಿಗೆ ಗಂಟು ಹಾಕಿಕೊಂಡಳು.

"ಹೊಟ್ಟೆನೋವು ಇರ್ಬಹುದು, ಹಾರ್ಟ್ ಇರ್ಬಹುದು, ಏನೋ ತಿಂದಿರ್ಬಹುದು," ಎಂದರು ಪಶುವೈದ್ಯೆ. "ಕೊಯ್ದು ನೋಡ್ದೆ ಹೇಳಕ್ಕಾಗಲ್ಲ."

ಅಪ್ಪ ನಾಗರಾಜು ಮಗಳ ಮುಖ ನೋಡಿದ.

"ಕೊಯ್ಯೋದು ಬೇಡ," ಎಂದಳು ಕವನಾ. "ಇಡಿಯಾಗೇ ಮಣ್ಣು ಮಾಡಾಣ."

"ಆಮೇಲೆ ಯಾಕೆ ಸತ್ತಳು ಅಂತ ಕೇಳಿದ್ರೆ ಉತ್ತರ ಇರಲ್ಲಮ್ಮ."

"ಪರವಾಗಿಲ್ಲ ಮೇಡಂ. ಅವಳನ್ನ ಮುಟ್ಬೇಡಿ."

ವೈದ್ಯೆ ಹೋದ ಮೇಲೆ ಅಜ್ಜಿ ಚಿಕ್ಕಲಕ್ಷ್ಮಮ್ಮ ದನಿ ತಗ್ಗಿಸಿದಳು. "ಯಾರ್ಗೂ ಹೇಳ್ಬೇಡ ಕಣೋ ನಾಗ. ಗಂಡು ಕೂತ ರಾತ್ರೀಲೇ ಕುದುರೆ ಸತ್ತದೆ ಅಂದ್ರೆ ಯಾವ ಮದುವೆ ಮನೇವ್ರು ಕರೀತಾರೆ?"

ಅಷ್ಟರಲ್ಲಿ ಫೋನು ಬಂತು. ನಿನ್ನೆಯ ಮದುಮಗನ ತಂದೆ. ಕುದುರೆ ಏನು ಗಾಂಭೀರ್ಯ ರೀ, ತಂಗಿ ಮಗನ ಮದುವೆಗೂ ಅದೇ ಬೇಕು ಎನ್ನುತ್ತಿದ್ದರು.

"ಆಗ್ಲಿ ಸಾರ್," ಎಂದ ಅಪ್ಪ. "ಚೆನ್ನಾಗವ್ಳೆ ಸಾರ್. ತಿಂದು ಮಲಗವ್ಳೆ."

*

ಮೆರವಣಿಗೆಯ ಸದ್ದಿಗೆ ಬೆದರದಂತೆ ಸೇವಂತಿಯ ಕಿವಿಗೆ ಹತ್ತಿ ಇಡುವುದು ಕವನಾಳ ಕೆಲಸವಾಗಿತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗಿನಿಂದಲೂ. ಛತ್ರದ ಹೊರಗೆ ತಮಟೆಯವರು ಬೆಂಕಿಗೆ ತಮಟೆ ಹಿಡಿಯುವಾಗ ಅವಳು ಹತ್ತಿ ಉಂಡೆ ಮಾಡುವಳು. ಅದನ್ನು ಕಂಡ ಕೂಡಲೇ ಸೇವಂತಿ ತಾನಾಗಿ ತಲೆ ತಗ್ಗಿಸುವಳು. ಆಮೇಲೆ ಸರಪಟಾಕಿ ಸಿಡಿದರೂ, ಕುಡಿದವರು ಬಾಲ ಜಗ್ಗಿದರೂ ಹೆಜ್ಜೆ ತಪ್ಪುತ್ತಿರಲಿಲ್ಲ. ಕುರುಬರಹಳ್ಳಿಯಲ್ಲೊಮ್ಮೆ ಕುಣಿಯುತ್ತಿದ್ದವನೊಬ್ಬ ಅವಳ ಕಾಲಡಿಗೇ ಬಿದ್ದಿದ್ದ. ಅವನನ್ನು ಎಳೆದು ಪಕ್ಕಕ್ಕೆ ಹಾಕುವವರೆಗೂ ಸೇವಂತಿ ಮುಂಗಾಲು ಎತ್ತಿಕೊಂಡೇ ನಿಂತಿದ್ದಳು.

ಜನರೆದುರು ಬಾಯಿಬಿಡದ ಕವನಾ ಮನೆಗೆ ಬಂದು ಹತ್ತಿ ತೆಗೆದು, ಆ ಬಿಸಿ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳುತ್ತಿದ್ದಳು. ನಿನ್ನೆ ಜ್ವರವೆಂದು ಕವನಾ ಮಲಗಿದ್ದಳು. ಅಪ್ಪ ಒಬ್ಬನೇ ಹೋಗಿದ್ದ, ಹತ್ತಿಯನ್ನೂ ಅವನೇ ಇಟ್ಟಿದ್ದ.

*

ಸೇವಂತಿ ಸತ್ತುಬಿದ್ದಿದ್ದ, ಶ್ರೀಗಂಧದ ಕಾವಲ್‌ನ ಆ ಖಾಲಿ ಸೈಟು ನಾರಾಯಣಪ್ಪನದು. ಕುದುರೆ ಕಟ್ಟಿಕೊಳ್ಳಲು ಬಿಟ್ಟಿದ್ದವನು, ಹೂಳಲೂ ಒಪ್ಪಿದ.

"ಮೂಲೇಲಿ ತೆಗಿಯಪ್ಪ," ಎಂದು ಜೆಸಿಬಿಯ ಸಂಪತ್‌ಗೆ ಕೂಗಿದ. ಆಮೇಲೆ ನಾಗರಾಜುವಿನತ್ತ ತಿರುಗಿದ. "ಆ ಮದುಮಗ ಬದುಕವ್ನೇನೋ, ಫೋನ್ ಮಾಡಿ ಕೇಳ್ದಾ?"

ತಾನೇ ನಕ್ಕ. ಅಪ್ಪನೂ ಸ್ವಲ್ಪ ನಕ್ಕ.

ಹಗ್ಗ ಕಟ್ಟಿ ಎಳೆದು ಗುಂಡಿಗೆ ಇಳಿಸಿದಾಗ ಸೇವಂತಿಯ ಮೈ ಒಳಗೆ ಹೋಯಿತು. ಸೆಟೆದ ಕಾಲುಗಳು ಅಂಚಿಗೆ ಸಿಕ್ಕಿ ಮೇಲೆಯೇ ನಿಂತವು.

"ಇನ್ನೊಂಚೂರು ಅಗಲ ಮಾಡಪ್ಪ," ಎಂದ ಅಪ್ಪ.

"ಆ ಕಡೆ ಬಂಡೆ, ಈ ಕಡೆ ಕಾಂಪೌಂಡು. ಎಲ್ಲಿಗಣ್ಣ ಮಾಡ್ಲಿ?" ಸಂಪತ್ ಸೀಟಿನಿಂದ ಇಳಿಯಲಿಲ್ಲ. "ಬಕೆಟ್‌ನಲ್ಲಿ ಒಂದೊತ್ತು ಒತ್ತಿದ್ರೆ ಮಡಚ್ಕೊಳ್ತದೆ."

"ಮುರೀತದೇನಪ್ಪ?" ಅಜ್ಜಿ ಕೇಳಿದಳು.

"ಸತ್ತಿರೋದಕ್ಕೆ ಮುರಿದ್ರೇನಜ್ಜಿ?"

"ಅಪ್ಪ, ಬೇಡ," ಎಂದಳು ಕವನಾ. "ಇಡಿಯಾಗಿ ಅಂದಿದ್ವಲ್ಲ."

"ಬೇರೆ ಕಡೆ ತೆಗೀಬೇಕಾದ್ರೆ ನನ್ ಸೈಟಲ್ಲಂತೂ ಆಗಲ್ಲ," ನಾರಾಯಣಪ್ಪ ಮೂಗಿಗೆ ಟವೆಲ್ ಹಿಡಿದ. "ಬಿಸಿಲೇರ್ತಾ ಅದೆ, ಬೇಗ ಹೇಳು ನಾಗ."

ಅಪ್ಪನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವನು ಅದನ್ನು ತೆಗೆದು ನೋಡುತ್ತಲೇ ಸಂಪತ್‌ಗೆ ಆಗಲಿ ಎಂದು ತಲೆಯಾಡಿಸಿದ.

ಬಕೆಟ್ಟು ಎದ್ದು ಇಳಿಯಿತು. ಮೊದಲು ಮುಂಗಾಲು. ಹಸಿ ಜಾಲಿಕೊಂಬೆ ಸೀಳಿದಂಥ ಸದ್ದಾಯಿತು. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡಳು.

ಕವನಾ ವೇಲಿನ ಗಂಟು ಹಲ್ಲಿನಿಂದ ಬಿಚ್ಚಿ, ಗುಂಡಿಯ ಅಂಚಿಗೆ ಬೋರಲಾಗಿ ಮಲಗಿ ಕೈ ಚಾಚಿದಳು. ಕಿವಿ ಇನ್ನೂ ಒಂದು ಗೇಣು ಕೆಳಗಿತ್ತು. ಬಕೆಟ್ಟು ಮತ್ತೆ ಮೇಲೇರುತ್ತಿತ್ತು.

"ಅಣ್ಣ, ಒಂದ್ನಿಮಿಷ ನಿಲ್ಸಿ," ಎಂದಳು. "ಕಿವಿಗೆ ಹತ್ತಿ ಇಡ್ಬೇಕು."